ಸಿಗದ ಆಯುಧ, ಸಿಗದ ಮೂಲಪ್ರತಿ: ವಿಧಿವಿಜ್ಞಾನ ಮತ್ತು ಗ್ರಂಥಸಂಪಾದನೆಯ ಪ್ರಮಾಣವಿಚಾರ

ಗ್ರಂಥಸಂಪಾದನೆಯನ್ನು ಬೋಧಿಸುವಾಗ ಸಂಪಾದಕನನ್ನು ನ್ಯಾಯಾಧೀಶನಿಗೂ ಹಸ್ತಪ್ರತಿಗಳನ್ನು ಸಾಕ್ಷಿಗಳಿಗೂ ಹೋಲಿಸುವುದು ಬಹುಕಾಲದಿಂದ ರೂಢಿಯಲ್ಲಿದೆ. ಪ್ರತಿಗಳು ಸಾಕ್ಷಿ ನುಡಿಯುತ್ತವೆ, ಪಾಠಾಂತರಗಳ ವಿಚಾರಣೆ ನಡೆಯುತ್ತದೆ, ಕೊನೆಗೆ ಶುದ್ಧಪಾಠದ ನಿರ್ಣಯವಾಗುತ್ತದೆ. ಈ ಮಾತುಗಳನ್ನು ಕೇವಲ ಅಲಂಕಾರವೆಂದು ಭಾವಿಸಿ ಮುಂದೆ ಸಾಗುವುದೇ ಹೆಚ್ಚು. ಆದರೆ ಧಾರವಾಡದ ಮಟ್ಟಿಗೆ ಈ ಹೋಲಿಕೆಯನ್ನು ಅಲಂಕಾರವೆಂದು ಬಿಟ್ಟುಬಿಡುವಂತಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಇಲ್ಲಿನ ಕಲ್ಯಾಣನಗರದ ತಮ್ಮ ಮನೆಯ ಬಾಗಿಲಲ್ಲಿ ಡಾ. ಎಂ.ಎಂ. ಕಲಬುರ್ಗಿಯವರು ಗುಂಡಿಗೆ ಬಲಿಯಾದರು. ಶಾಸನ, ಹಸ್ತಪ್ರತಿ, ವಚನಗಳ ಪಾಠಪರಿಷ್ಕರಣ ಇವುಗಳಲ್ಲಿ ಜೀವಮಾನ ಕಳೆದ, ಗ್ರಂಥಸಂಪಾದನ ಶಾಸ್ತ್ರವನ್ನು ಕುರಿತೇ ಪುಸ್ತಕ ಬರೆದ ವಿದ್ವಾಂಸರ ಕೊಲೆಯ ತನಿಖೆಯಲ್ಲಿ ಮೊದಲ ದೃಢವಾದ ಎಳೆ ದೊರೆತದ್ದು ಯಾವ ತರ್ಕದಿಂದ ಎಂದು ವಿಚಾರಿಸಿದರೆ, ಅದು ಅವರು ತರಗತಿಯಲ್ಲಿ ಹೇಳಿಕೊಡುತ್ತಿದ್ದ ತರ್ಕವೇ ಆಗಿತ್ತು ಎಂಬುದು ಕಂಡುಬರುತ್ತದೆ. ಕಣ್ಮರೆಯಾದ ಮೂಲವೊಂದನ್ನು, ಅದರಿಂದ ಹುಟ್ಟಿದವುಗಳ ಮೇಲೆ ಸಮಾನವಾಗಿ ಉಳಿದ ದೋಷಗಳಿಂದ ಊಹಿಸುವ ತರ್ಕ ಅದು. ಈ ತರ್ಕ ಎರಡೂ ಶಾಸ್ತ್ರಗಳಲ್ಲಿ ಹೇಗೆ ಕೆಲಸ ಮಾಡುತ್ತದೆ, ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪ್ರಕರಣದ ಆರೋಪಿಗಳ ಕುರಿತು ಏನನ್ನೂ ಹೇಳುವುದು ಇದರ ಉದ್ದೇಶವಲ್ಲ. ಅದು ನ್ಯಾಯಾಲಯಕ್ಕೆ ಸೇರಿದ ಕಾರ್ಯ.

ಮೊದಲು ಹೆಸರಿನ ವಿಚಾರ. ಕರ್ನಾಟಕದಲ್ಲಿ ಈ ಶಾಸ್ತ್ರವನ್ನು 'ವಿಧಿವಿಜ್ಞಾನ' ಎಂದೂ 'ನ್ಯಾಯವಿಜ್ಞಾನ' ಎಂದೂ ಕರೆಯುವ ಎರಡು ರೂಢಿಗಳಿವೆ. 'ವಿಧಿ' ಎಂಬುದಕ್ಕೆ ಕಾನೂನು, ದೈವ ಎಂಬ ಎರಡು ಅರ್ಥಗಳಿರುವುದರಿಂದ ಮೊದಲನೆಯ ಹೆಸರು ಸಾಮಾನ್ಯ ಓದುಗನಲ್ಲಿ ಕೊಂಚ ಗೊಂದಲ ಹುಟ್ಟಿಸುವುದುಂಟು. ಇಂಗ್ಲಿಷಿನ 'ಫೊರೆನ್ಸಿಕ್' ಲ್ಯಾಟಿನ್ನಿನ 'ಫೋರಮ್' ಎಂಬ ಪದದಿಂದ ಬಂದದ್ದು. ಊರಿನ ಜನ ಕೂಡಿ ವ್ಯಾಜ್ಯ ಕೇಳುವ ಬಯಲು ಎಂಬುದು ಅದರ ಅರ್ಥ. ಅಂದರೆ ಪ್ರಯೋಗಾಲಯದಲ್ಲಿ ನಡೆಯುವ ಕೆಲಸಕ್ಕೆ ಹೆಸರು ಬಂದದ್ದು ಪ್ರಯೋಗಾಲಯದಿಂದಲ್ಲ, ಅದನ್ನು ಹೇಳಬೇಕಾದ ಸಭೆಯಿಂದ. ಈ ಸೂಕ್ಷ್ಮ ಮುಂದೆ ಉಪಯೋಗಕ್ಕೆ ಬರುತ್ತದೆ. ಸರ್ಕಾರಿ ಬಳಕೆಯಲ್ಲಿ ಹೆಚ್ಚಾಗಿ ಕಾಣುವ 'ವಿಧಿವಿಜ್ಞಾನ'ವನ್ನೇ ಇಲ್ಲಿ ಅನುಸರಿಸಲಾಗಿದೆ.

1. ಗುಂಡಿನ ಮೇಲಿನ ಬರಹ

ಪಿಸ್ತೂಲಿನಿಂದ ಒಂದು ಗುಂಡು ಹಾರಿದಾಗ ಎರಡು ವಸ್ತುಗಳು ಉಳಿಯುತ್ತವೆ. ಒಂದು, ಗುರಿಯನ್ನು ಹೊಕ್ಕ ಗುಂಡು. ಇನ್ನೊಂದು, ಸಿಡಿಮದ್ದು ತುಂಬಿದ್ದ ಹಿತ್ತಾಳೆಯ ಕೊಳವೆ, ಅಂದರೆ ಖಾಲಿ ಕಾಡತೂಸು. ಇದು ಸಾಮಾನ್ಯವಾಗಿ ಸ್ಥಳದಲ್ಲಿಯೇ ಬಿದ್ದಿರುತ್ತದೆ. ಕಾರ್ಖಾನೆಯಲ್ಲಿ ತಯಾರಾದ ಪಿಸ್ತೂಲಿನ ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ತೋಡುಗಳನ್ನು ಕೊರೆದಿರುತ್ತಾರೆ. ಗುಂಡು ತಿರುಗುತ್ತ ನೇರವಾಗಿ ಸಾಗಲೆಂಬುದು ಇದರ ಉದ್ದೇಶ. ಆ ತೋಡುಗಳ ಸಂಖ್ಯೆ, ಅಗಲ, ಎಡಕ್ಕೋ ಬಲಕ್ಕೋ ತಿರುಗುವ ದಿಕ್ಕು ಇವೆಲ್ಲ ಗುಂಡಿನ ಮೈಮೇಲೆ ಒತ್ತಿಕೊಳ್ಳುತ್ತವೆ. ಇವುಗಳ ಜೊತೆಗೆ, ತೋಡು ಕೊರೆದ ಉಳಿಯ ಅಲಗಿನಲ್ಲಿದ್ದ ಸಣ್ಣ ಮುಕ್ಕು, ಆಮೇಲೆ ಹಿಡಿದ ತುಕ್ಕು, ಸವೆತ ಇವುಗಳಿಂದಾದ ಅತಿ ಸೂಕ್ಷ್ಮ ಗೀರುಗಳೂ ಮೂಡುತ್ತವೆ. ಕಾಡತೂಸಿನ ತಳದಲ್ಲಿ ಪಿಸ್ತೂಲಿನ ಮೊಳೆ ಬಡಿದ ಗುಳಿ ಇರುತ್ತದೆ. ಸ್ಫೋಟದ ಒತ್ತಡಕ್ಕೆ ಕಾಡತೂಸು ಹಿಂದಕ್ಕೆ ಸರಿದು ಲೋಹದ ಗೋಡೆಗೆ ಅಪ್ಪಳಿಸಿದ ಗುರುತೂ, ಅದನ್ನು ಹೊರಗೆಳೆದು ಎಸೆಯುವ ಕೊಕ್ಕೆಯ ಗುರುತೂ ಅದರ ಮೇಲೆ ಉಳಿಯುತ್ತವೆ.

ಇವುಗಳನ್ನು ಓದುವ ಉಪಕರಣ ತೌಲನಿಕ ಸೂಕ್ಷ್ಮದರ್ಶಕ. ಅಮೆರಿಕದಲ್ಲಿ 1920ರ ದಶಕದಲ್ಲಿ ಫಿಲಿಪ್ ಗ್ರಾವೆಲ್, ಕ್ಯಾಲ್ವಿನ್ ಗೊಡ್ಡಾರ್ಡ್ ಮೊದಲಾದವರು ಇದನ್ನು ಗುಂಡುಗಳ ಪರೀಕ್ಷೆಗೆ ಬಳಕೆಗೆ ತಂದರು. ಎರಡು ಸೂಕ್ಷ್ಮದರ್ಶಕಗಳನ್ನು ಒಂದೇ ನೋಟಕಕ್ಕೆ ಜೋಡಿಸಿ, ಎಡಭಾಗದಲ್ಲಿ ಒಂದು ಗುಂಡನ್ನೂ ಬಲಭಾಗದಲ್ಲಿ ಇನ್ನೊಂದನ್ನೂ ಇರಿಸಿ, ನಡುವಿನ ಗೆರೆಯ ಎರಡೂ ಕಡೆ ಗೀರುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆಯೇ ಎಂದು ನೋಡುವ ವಿಧಾನ ಇದು. ಎರಡು ಹಸ್ತಪ್ರತಿಗಳನ್ನು ಪಕ್ಕದಲ್ಲಿಟ್ಟುಕೊಂಡು ಸಾಲಿನಿಂದ ಸಾಲಿಗೆ ಪಾಠ ಹೋಲಿಸಿದವರಿಗೆ ಈ ಕೆಲಸದ ಸ್ವರೂಪವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆಯುಧ ಸಿಕ್ಕಿದ್ದರೆ ಕೆಲಸ ಸುಲಭ. ಅದರಿಂದ ಪ್ರಯೋಗಾಲಯದಲ್ಲಿ ಗುಂಡು ಹಾರಿಸಿ, ಆ ಗುಂಡನ್ನು ಸ್ಥಳದಲ್ಲಿ ದೊರೆತದ್ದರೊಡನೆ ಹೋಲಿಸಬಹುದು. ಕಲಬುರ್ಗಿಯವರ ಪ್ರಕರಣದಲ್ಲಿ ಹೋಲಿಕೆ ಆರಂಭವಾದದ್ದು ಹಾಗಲ್ಲ. 2015ರ ಫೆಬ್ರವರಿ 16ರಂದು ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆಯವರ ಮೇಲೆ ಗುಂಡಿನ ದಾಳಿಯಾಗಿ, ನಾಲ್ಕು ದಿನಗಳ ನಂತರ ಅವರು ತೀರಿಕೊಂಡಿದ್ದರು. ಅದೇ ವರ್ಷದ ಆಗಸ್ಟಿನಲ್ಲಿ ಧಾರವಾಡದ ಕೊಲೆ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಗೌರಿ ಲಂಕೇಶರ ಕೊಲೆ. ಧಾರವಾಡದಲ್ಲಿ ಸಿಕ್ಕ ಗುಂಡು, ಕಾಡತೂಸುಗಳನ್ನೂ ಬೆಂಗಳೂರಿನಲ್ಲಿ ಸಿಕ್ಕವುಗಳನ್ನೂ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯ ಪರಸ್ಪರ ಹೋಲಿಸಿತು. ಅವೆಲ್ಲ 7.65 ಮಿ.ಮೀ. ಅಳತೆಯ ಒಂದೇ ನಾಡಪಿಸ್ತೂಲಿನಿಂದ ಹಾರಿದವು ಎಂಬ ಅಭಿಪ್ರಾಯ 2018ರಲ್ಲಿ ವಿಶೇಷ ತನಿಖಾ ತಂಡ ನ್ಯಾಯಾಲಯಕ್ಕೆ ಸಲ್ಲಿಸಿದ ದಾಖಲೆಗಳಲ್ಲಿ ಸೇರಿತು. ಆಯುಧ ಕಣ್ಣೆದುರಿಗಿರಲಿಲ್ಲ. ಇದ್ದದ್ದು ಎರಡು ಊರುಗಳಲ್ಲಿ, ಎರಡು ವರ್ಷಗಳ ಅಂತರದಲ್ಲಿ ಅದು ಬಿಟ್ಟುಹೋದ ಗುರುತುಗಳು ಮಾತ್ರ. ಅವುಗಳ ಆಧಾರದಿಂದ, ನೋಡದ ಒಂದು ಪಿಸ್ತೂಲು ಇದೆ, ಅದು ಒಂದೇ ಎಂದು ಹೇಳಲಾಯಿತು.

ಗ್ರಂಥಸಂಪಾದನೆಯಲ್ಲಿ ಮಾತೃಪ್ರತಿಯನ್ನು ಊಹಿಸುವ ಕ್ರಮ ಇದಕ್ಕಿಂತ ಭಿನ್ನವಲ್ಲ. ಕವಿಯ ಸ್ವಹಸ್ತಪ್ರತಿ ಪ್ರಾಚೀನ ಕನ್ನಡ ಕೃತಿಗಳಲ್ಲಿ ಯಾವುದಕ್ಕೂ ಸಿಕ್ಕಿಲ್ಲವೆಂದೇ ಹೇಳಬೇಕು. ಸಿಗುವುದು ನಾಲ್ಕಾರು ಶತಮಾನಗಳ ಅನಂತರದ ಓಲೆಗರಿಗಳು. ಜರ್ಮನಿಯ ಕಾರ್ಲ್ ಲಾಖ್‌ಮನ್ನನ ಹೆಸರಿನಲ್ಲಿ ಪ್ರಸಿದ್ಧವಾದ, ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯ ಮೂಲಕ ಕನ್ನಡದ ವಿದ್ಯಾರ್ಥಿಗಳಿಗೆ ಪರಿಚಿತವಾದ ತತ್ತ್ವ ಇಷ್ಟೆ: ಎರಡು ಪ್ರತಿಗಳು ಸರಿಯಾದ ಪಾಠದಲ್ಲಿ ಒಂದಾಗುವುದು ಅವುಗಳ ಸಂಬಂಧವನ್ನು ಸಾಧಿಸುವುದಿಲ್ಲ, ತಪ್ಪು ಪಾಠದಲ್ಲಿ ಒಂದಾಗುವುದು ಸಾಧಿಸುತ್ತದೆ. ಸರಿಯಾದ ಪಾಠ ಕವಿಯಿಂದಲೇ ಬಂದಿರಬಹುದು. ತಪ್ಪು ಯಾರೋ ಒಬ್ಬ ಲಿಪಿಕಾರನ ಕೈಯಿಂದ ಬಂದಿರಬೇಕು. ಅವನ ಪ್ರತಿ ಈಗ ಇಲ್ಲದಿದ್ದರೂ ಇತ್ತು ಎಂಬುದಕ್ಕೆ ಆ ತಪ್ಪೇ ಸಾಕ್ಷಿ. ಗುಂಡಿನ ಮೇಲಿನ ಗೀರೂ ಹೀಗೆಯೇ ಒಂದು ಸ್ಖಾಲಿತ್ಯ. ನಳಿಗೆ ದೋಷರಹಿತವಾಗಿದ್ದರೆ ಗುಂಡುಗಳು ಪರೀಕ್ಷಕನಿಗೆ ಏನನ್ನೂ ಹೇಳುತ್ತಿರಲಿಲ್ಲ.

2. ಯಾವ ದೋಷ ಪ್ರಮಾಣ, ಯಾವುದು ಅಲ್ಲ

ಆದರೆ ಎಲ್ಲ ಸಮಾನ ದೋಷಗಳಿಗೂ ಒಂದೇ ಬೆಲೆಯಿಲ್ಲ. ಎರಡೂ ಶಾಸ್ತ್ರಗಳ ಜೀವಾಳವಿರುವುದು ಈ ವಿವೇಕದಲ್ಲಿ.

ಹಳಗನ್ನಡ ಕಾವ್ಯವೊಂದರ ಎರಡು ಪ್ರತಿಗಳಲ್ಲಿ 'ಱ' ಇರಬೇಕಾದಲ್ಲೆಲ್ಲ 'ರ' ಇದೆ, 'ೞ' ಇರಬೇಕಾದಲ್ಲೆಲ್ಲ 'ಳ' ಇದೆ ಎಂದುಕೊಳ್ಳೋಣ. ಇಷ್ಟರಿಂದ ಇವೆರಡೂ ಒಂದೇ ಮಾತೃಪ್ರತಿಯಿಂದ ಇಳಿದವು ಎನ್ನಲಾದೀತೇ? ಸಾಧ್ಯವಿಲ್ಲ. ಆ ಅಕ್ಷರಗಳು ಬಳಕೆ ತಪ್ಪಿದ ಕಾಲದ ಯಾವ ಲಿಪಿಕಾರನಾದರೂ, ಎಲ್ಲಿ ಕುಳಿತಾದರೂ, ಹಾಗೆಯೇ ಬರೆದಾನು. ಇದು ಕಾಲದ ಲಕ್ಷಣವೇ ಹೊರತು ಕೈಯ ಲಕ್ಷಣವಲ್ಲ. 'ಪ'ಕಾರ 'ಹ'ಕಾರವಾಗುವುದೂ ಇಂಥದೇ. ಇದಕ್ಕೆ ಬದಲು, ಎರಡು ಸಾಲುಗಳ ಕೊನೆಯಲ್ಲಿ ಒಂದೇ ಪದ ಬಂದದ್ದರಿಂದ ಲಿಪಿಕಾರನ ಕಣ್ಣು ಜಾರಿ ನಡುವಿನ ಒಂದು ಸಾಲು ಬಿಟ್ಟುಹೋಗಿದ್ದು, ಅದೇ ಸಾಲು ಎರಡೂ ಪ್ರತಿಗಳಲ್ಲಿ ಇಲ್ಲವಾದರೆ ಸಂಬಂಧದ ಸಂಭವ ಹೆಚ್ಚುತ್ತದೆ. ಆದರೂ ಸಮಾನಪದ ಇಬ್ಬರನ್ನೂ ಬೇರೆ ಬೇರೆಯಾಗಿ ಮೋಸಗೊಳಿಸಿರಬಹುದೆಂಬ ಶಂಕೆ ಉಳಿಯುತ್ತದೆ. ಕಟ್ಟು ಬಿಚ್ಚಿದ ಓಲೆಗಳು ಹಿಂದುಮುಂದಾಗಿ, ಆ ಅಸ್ತವ್ಯಸ್ತ ಕ್ರಮದಲ್ಲಿಯೇ ನಕಲಾಗಿ, ಕಥೆಯ ನಡುವೆ ಬೇರೊಂದು ಸಂದರ್ಭ ನುಗ್ಗಿರುವುದು ಎರಡೂ ಪ್ರತಿಗಳಲ್ಲಿ ಕಂಡರೆ ಶಂಕೆಗೆ ಎಡೆಯಿಲ್ಲ. ಅಂಥ ಆಕಸ್ಮಿಕ ಎರಡು ಬಾರಿ ಒಂದೇ ರೀತಿ ಆಗುವುದಿಲ್ಲ. ಕನ್ನಡದ ಸಂಪಾದಕನಿಗೆ ದ್ವಿತೀಯಾಕ್ಷರ ಪ್ರಾಸವೆಂಬ ಇನ್ನೊಂದು ಅನುಕೂಲವೂ ಇದೆ. ಪ್ರಾಸ ಕೆಟ್ಟಲ್ಲಿ ದೋಷ ತಾನಾಗಿಯೇ ಮುಖ ತೋರುತ್ತದೆ.

ವಿಧಿವಿಜ್ಞಾನ ಇದನ್ನೇ ವರ್ಗಲಕ್ಷಣ, ವ್ಯಕ್ತಿಲಕ್ಷಣ ಎಂದು ವಿಂಗಡಿಸುತ್ತದೆ. ಗುಂಡು 7.65 ಮಿ.ಮೀ. ಅಳತೆಯದು ಎಂಬುದು ವರ್ಗಲಕ್ಷಣ. ಆ ಅಳತೆಯ ಪಿಸ್ತೂಲುಗಳು ಅಸಂಖ್ಯವಾಗಿವೆ. ಈ ಸಾಮ್ಯ 'ಱ' ಹೋಗಿ 'ರ' ಆದದ್ದಕ್ಕೆ ಸಮಾನ. ತೋಡುಗಳ ಸಂಖ್ಯೆ, ದಿಕ್ಕುಗಳೂ ವರ್ಗಲಕ್ಷಣಗಳೇ. ಇವು ಹೊಂದದಿದ್ದರೆ ಎರಡು ಗುಂಡುಗಳೂ ಒಂದೇ ಆಯುಧದವಲ್ಲ ಎಂದು ತಳ್ಳಿಹಾಕಬಹುದು. ಹೊಂದಿದರೆ ಒಂದೇ ಎನ್ನಲು ಇವಷ್ಟೇ ಸಾಲವು. ಅದಕ್ಕೆ ಓಲೆ ಹಿಂದುಮುಂದಾದಂಥ ಗುರುತು, ಅಂದರೆ ಆ ಒಂದು ನಳಿಗೆಗೆ ಅಥವಾ ಮೊಳೆಗೆ ಮಾತ್ರ ಇರಬಹುದಾದ ಆಕಸ್ಮಿಕ ಮುಕ್ಕು ಬೇಕು. ವೃತ್ತಪತ್ರಿಕೆಗಳಲ್ಲಿ 'ಎರಡೂ ಕೊಲೆಗಳಿಗೆ 7.65 ಎಂ.ಎಂ. ಪಿಸ್ತೂಲ್ ಬಳಕೆ' ಎಂಬ ತಲೆಬರಹ ಬಂದಾಗ ಓದುಗರು ಅದನ್ನೇ ದೊಡ್ಡ ಸಾಕ್ಷ್ಯವೆಂದು ತಿಳಿದದ್ದುಂಟು. ಸಾಕ್ಷ್ಯದ ಭಾರವಿದ್ದದ್ದು ಆ ಸಂಖ್ಯೆಯಲ್ಲಲ್ಲ.

ನಾಡಪಿಸ್ತೂಲಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಕಳ್ಳ ಕಮ್ಮಟಗಳಲ್ಲಿ ಕೈಯಿಂದ ಮಾಡಿದ ಇಂಥ ಆಯುಧಗಳ ನಳಿಗೆಯಲ್ಲಿ ಹಲವು ವೇಳೆ ಸುರುಳಿ ತೋಡುಗಳೇ ಇರುವುದಿಲ್ಲ. ನಳಿಗೆಯ ಅಗಲ ಗುಂಡಿಗೆ ಸರಿಹೊಂದದೆ ಗುಂಡು ಒಳಗೆ ಓಲಾಡುತ್ತ ಸಾಗುವುದರಿಂದ, ಒಂದೇ ಪಿಸ್ತೂಲಿನ ಎರಡು ಗುಂಡುಗಳೂ ಒಂದೇ ತೆರನಾಗಿ ಗೀರಿಕೊಳ್ಳದಿರಬಹುದು. ಇಂಥಲ್ಲಿ ಗುಂಡಿಗಿಂತ ಕಾಡತೂಸಿನ ತಳದ ಗುರುತುಗಳೇ ಹೆಚ್ಚು ನೆರವಿಗೆ ಬರುತ್ತವೆ. ಇನ್ನೊಂದು ಬದಿಯಿಂದ ನೋಡಿದರೆ, ಒರಟು ಕೈಕೆಲಸ ತನ್ನದೇ ವಿಶಿಷ್ಟ ದೋಷಗಳನ್ನು ಧಾರಾಳವಾಗಿ ಬಿಟ್ಟಿರುತ್ತದೆ. ಅಕ್ಷರಜ್ಞಾನ ಕಡಿಮೆಯಿದ್ದ ಲಿಪಿಕಾರನ ಪ್ರತಿ ಪಾಠಕ್ಕೆ ಕೆಟ್ಟದ್ದಾದರೂ ವಂಶವೃಕ್ಷ ರಚಿಸಲು ಒಳ್ಳೆಯದಾಗುವಂತೆ. 2015ಕ್ಕೂ 2017ಕ್ಕೂ ನಡುವೆ ಸವೆತ, ತುಕ್ಕು, ಒರೆಸುವಿಕೆ ಇವುಗಳಿಂದ ಗುರುತುಗಳು ಬದಲಾಗುವ ಸಂಭವವೂ ಇತ್ತು. ಆದುದರಿಂದ ಇಂಥ ಅಂತರದಲ್ಲಿ ಕಂಡ ಭೇದವೊಂದೇ ಆಯುಧ ಬೇರೆಯೆಂದು ಸಾಧಿಸಲಾರದು. ಅಂತರವನ್ನು ದಾಟಿ ಉಳಿದ ಸಾಮ್ಯಕ್ಕೆ ಮಾತ್ರ ಹೆಚ್ಚಿನ ತೂಕ ಬರುತ್ತದೆ.

ಪಿಸ್ತೂಲು ಒಂದೇ ಎಂದು ಒಪ್ಪಿದ ಮೇಲೂ ಅದನ್ನು ಹಿಡಿದ ಕೈ ಯಾವುದು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಆಯುಧ ಕೈಯಿಂದ ಕೈಗೆ ಹೋಗುತ್ತದೆ. ವಚನಗಳ ಅಂಕಿತದ ಸಮಸ್ಯೆಯನ್ನು ಇಲ್ಲಿ ನೆನೆಯಬಹುದು. ಅಂಕಿತವಿದ್ದ ಮಾತ್ರಕ್ಕೆ ವಚನ ಆ ಶರಣನದೇ ಎನ್ನಲಾಗದೆಂಬುದು ವಚನ ಸಂಪಾದನೆಯ ಮೊದಲ ಪಾಠ. ಬೇರೆಯವರು ರಚಿಸಿ ಸೇರಿಸಿದ ಪ್ರಕ್ಷಿಪ್ತ ವಚನಗಳೂ ಅದೇ ಅಂಕಿತವನ್ನು ಹೊತ್ತಿರುತ್ತವೆ. ಅಂಕಿತದಿಂದ ಕರ್ತೃವಿಗೆ ಹೋಗಲು ಭಾಷೆ, ಆಶಯ, ಪ್ರತಿಗಳ ಪ್ರಾಚೀನತೆ ಎಂಬ ಬೇರೆ ದಾರಿಗಳು ಬೇಕಾಗುವಂತೆ, ಆಯುಧದಿಂದ ಆರೋಪಿಗೆ ಹೋಗಲು ಬೇರೆಯೇ ಸಾಕ್ಷ್ಯಗಳು ಬೇಕು. ಸಾಂದರ್ಭಿಕ ಸಾಕ್ಷ್ಯದ ಸರಪಳಿಯಲ್ಲಿ ಒಂದು ಕೊಂಡಿಯೂ ಬಿಟ್ಟುಹೋಗಬಾರದು, ಆರೋಪಿಯ ನಿರ್ದೋಷಿತ್ವಕ್ಕೆ ಹೊಂದುವ ಯಾವ ಊಹೆಗೂ ಅದು ಎಡೆಗೊಡಬಾರದು ಎಂದು ಸರ್ವೋಚ್ಚ ನ್ಯಾಯಾಲಯ 1984ರ ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣದಲ್ಲಿ ಐದು ಸೂತ್ರಗಳಾಗಿ ಹೇಳಿದೆ. 'ಪಂಚಶೀಲ'ವೆಂದೇ ನ್ಯಾಯಾಲಯ ಅವನ್ನು ಕರೆಯಿತು. ಪ್ರಯೋಗಾಲಯದ ವರದಿ ಈ ಸರಪಳಿಯ ಒಂದು ಕೊಂಡಿ ಮಾತ್ರ.

ಆ ಕೊಂಡಿಯೂ ಗಟ್ಟಿಯಾಗಿರಬೇಕಾದರೆ ವಸ್ತು ಸಿಕ್ಕಿದ ಗಳಿಗೆಯಿಂದ ನ್ಯಾಯಾಲಯದ ಮೇಜಿನವರೆಗೆ ಅದು ಯಾರ ಕೈಯಲ್ಲಿತ್ತು ಎಂಬ ವಿವರ ಕಡಿದಿರಬಾರದು. ಹಳೆಯ ಮೈಸೂರಿನವರು ಮಹಜರು ಎನ್ನುವುದನ್ನು ಹುಬ್ಬಳ್ಳಿ-ಧಾರವಾಡದ ಠಾಣೆ, ಕಚೇರಿಗಳಲ್ಲಿ ಪಂಚನಾಮೆ ಎನ್ನುತ್ತಾರೆ. ಪಂಚರ ಸಮಕ್ಷಮ ವಸ್ತುವನ್ನು ಎತ್ತಿ, ಕಟ್ಟಿ, ಅರಗು ಮುದ್ರೆಯೊತ್ತಿ, ಚೀಟಿ ಹಚ್ಚಿ ಸಹಿ ಮಾಡಿಸುವ ಈ ಕ್ರಮ ಹೊರಗಿನವರಿಗೆ ಶುಷ್ಕ ವಿಧಿಯಂತೆ ಕಂಡೀತು. ಆದರೆ ಯಾವ ಊರಿನ, ಯಾರ ಮನೆಯ ಪ್ರತಿ ಎಂಬ ಟಿಪ್ಪಣಿಯಿಲ್ಲದೆ ಸಂಗ್ರಹಾಲಯ ಸೇರಿದ ಓಲೆಗರಿ ಕಟ್ಟಿನ ಗತಿಯನ್ನು ಬಲ್ಲ ಸಂಶೋಧಕರಿಗೆ ಇದರ ಬೆಲೆ ಗೊತ್ತು. ಪುಷ್ಪಿಕೆ ಹರಿದ ಪ್ರತಿಯನ್ನು ಸಂಪಾದಕ ಸಂಶಯದಿಂದಲೇ ನೋಡುತ್ತಾನೆ. ಮುದ್ರೆ ಒಡೆದ ಪೊಟ್ಟಣವನ್ನು ವಕೀಲರು ಬಿಡುವುದಿಲ್ಲ.

3. ತಜ್ಞರ ಭಿನ್ನಾಭಿಪ್ರಾಯ

ಒಂದೇ ವಸ್ತುವನ್ನು ಇಬ್ಬರು ತಜ್ಞರು ನೋಡಿ ಎರಡು ಮಾತು ಹೇಳಿದಾಗ ಏನು ಮಾಡಬೇಕು? ಶಾಸನಶಾಸ್ತ್ರದ ವಿದ್ಯಾರ್ಥಿಗಳಿಗೆ ಗಂಗರ ತಾಮ್ರಪಟಗಳ ವಿವಾದ ನೆನಪಿಗೆ ಬರುತ್ತದೆ. 'ಕನ್ನಡ ಜಿಲ್ಲೆಗಳ ರಾಜವಂಶ'ಗಳನ್ನು ಕುರಿತು ಬರೆದ ಜೆ.ಎಫ್. ಫ್ಲೀಟ್ ಅವುಗಳಲ್ಲಿ ಹಲವನ್ನು ಕೂಟಶಾಸನಗಳೆಂದು ತಳ್ಳಿಹಾಕಿದ. ಹೇಳಿಕೊಂಡ ಕಾಲಕ್ಕೂ ಲಿಪಿಯ ಸ್ವರೂಪಕ್ಕೂ ಹೊಂದಿಕೆಯಿಲ್ಲದಿರುವುದು, ತಿಥಿ ವಾರಗಳು ಕೂಡಿಬರದಿರುವುದು, ವಂಶಾವಳಿಯ ಗೊಂದಲ ಇವು ಅಂಥ ಪರೀಕ್ಷೆಯ ಒರೆಗಲ್ಲುಗಳು. ಬಿ.ಎಲ್. ರೈಸ್ ಅದನ್ನು ಒಪ್ಪದೆ ಪಟಗಳ ಪರವಾಗಿ ವಾದಿಸಿದ. ಇಬ್ಬರೂ ಅಸಾಮಾನ್ಯ ವಿದ್ವಾಂಸರು, ಎದುರಿಗಿದ್ದದ್ದು ಅದೇ ತಾಮ್ರ. ಮುಂದಿನ ತಲೆಮಾರುಗಳು ಒಂದೊಂದು ಪಟವನ್ನೂ ಬೇರೆ ಬೇರೆಯಾಗಿ ತೂಗಿ ನೋಡಬೇಕಾಯಿತು.

ದಾಭೋಲ್ಕರ್, ಪಾನ್ಸರೆ, ಕಲಬುರ್ಗಿ ಪ್ರಕರಣಗಳಲ್ಲಿಯೂ ಇಂಥ ಸಂದರ್ಭ ಒದಗಿತು. ಮೂರರ ಗುಂಡು, ಕಾಡತೂಸುಗಳ ಸಂಬಂಧದ ಕುರಿತು ಮುಂಬಯಿ ಹಾಗೂ ಬೆಂಗಳೂರಿನ ಪ್ರಯೋಗಾಲಯಗಳ ಅಭಿಪ್ರಾಯಗಳು ಹೊಂದಿಕೊಳ್ಳಲಿಲ್ಲವಾಗಿ, ಮೂರನೆಯ ಅಭಿಪ್ರಾಯಕ್ಕಾಗಿ ಸಿಬಿಐ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿನತ್ತ ನೋಡಿತು. ಅದು ಕೈಗೂಡದೆ ಕೊನೆಗೆ ಅಹಮದಾಬಾದಿನ ಪ್ರಯೋಗಾಲಯವನ್ನು ಆಶ್ರಯಿಸಬೇಕಾಯಿತು. ಇದರಲ್ಲಿ ಕಳೆದ ಕಾಲವೆಷ್ಟು ಎಂಬುದು ಬೇರೆ ಮಾತು.

ಈ ಶಾಸ್ತ್ರದ ತಳಹದಿಯನ್ನೇ ಪ್ರಶ್ನಿಸಿದ ವಿಮರ್ಶೆಗಳೂ ಬಂದಿವೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಆಶ್ರಯದ ಸಮಿತಿ 2009ರಲ್ಲಿ ನೀಡಿದ ವರದಿ, ಡಿಎನ್‌ಎ ಪರೀಕ್ಷೆಯನ್ನು ಬಿಟ್ಟರೆ ಉಳಿದ ಹೋಲಿಕೆಯ ವಿಧಾನಗಳು ಒಂದು ಗುರುತನ್ನು ಒಂದೇ ಮೂಲಕ್ಕೆ ಖಚಿತವಾಗಿ ಕೊಂಡೊಯ್ಯಬಲ್ಲವೆಂಬುದನ್ನು ಕಟ್ಟುನಿಟ್ಟಾಗಿ ತೋರಿಸಿಲ್ಲವೆಂದು ಹೇಳಿತು. 2016ರಲ್ಲಿ ಅಲ್ಲಿನ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿ ಗುಂಡುಗಳ ಹೋಲಿಕೆಯ ವಿಷಯದಲ್ಲಿ ಸರಿಯಾಗಿ ರೂಪಿಸಿದ ಪರೀಕ್ಷೆ ಆ ವೇಳೆಗೆ ಒಂದೇ ಒಂದು ನಡೆದಿದೆ, ಅದು ಸಾಲದು ಎಂದಿತು. 'ಸಾಕಷ್ಟು ಸಾಮ್ಯವಿದೆ' ಎಂದು ಪರೀಕ್ಷಕ ಹೇಳುವಾಗ ಎಷ್ಟು ಇದ್ದರೆ ಸಾಕು ಎಂಬುದು ಅವನ ಅನುಭವದಲ್ಲಿದೆಯೇ ಹೊರತು ಸಂಖ್ಯೆಯಲ್ಲಿಲ್ಲ ಎಂಬುದು ಆಕ್ಷೇಪದ ತಿರುಳು. ಪರೀಕ್ಷಕನಿಗೆ ಮೊದಲೇ ಕಥೆ ಗೊತ್ತಿದ್ದರೆ ಕಣ್ಣು ಆ ಕಥೆಯನ್ನೇ ಓದುತ್ತದೆ ಎಂಬುದು ಇನ್ನೊಂದು. 2004ರ ಮ್ಯಾಡ್ರಿಡ್ ರೈಲು ಸ್ಫೋಟದ ತನಿಖೆಯಲ್ಲಿ ಅಮೆರಿಕದ ಎಫ್‌ಬಿಐ ತಜ್ಞರು ಬೆರಳಚ್ಚೊಂದನ್ನು ಆರಿಗನ್ ರಾಜ್ಯದ ವಕೀಲನೊಬ್ಬನದೆಂದು ನಿರ್ಣಯಿಸಿದರು. ಅವನನ್ನು ಬಂಧಿಸಿಯೂ ಆಯಿತು. ಸ್ಪೇನಿನ ಪೊಲೀಸರು ಅದು ಬೇರೊಬ್ಬನದೆಂದು ತೋರಿಸಿದ ಮೇಲೆ ತಪ್ಪೊಪ್ಪಿಕೊಳ್ಳಬೇಕಾಯಿತು. ತನ್ನ ಊರಿನವನೇ ಕವಿ ಎಂದು ಮೊದಲೇ ನಂಬಿ ಪಾಠ ಓದುವ ಸಂಪಾದಕರು ನಮ್ಮಲ್ಲಿ ಇಲ್ಲದಿಲ್ಲ. ಸಂಪಾದಕನ ತಪ್ಪನ್ನು ಮುಂದಿನ ಆವೃತ್ತಿಯಲ್ಲಿ ತಿದ್ದಬಹುದು, ಸಂಶಯವಿದ್ದ ಪಾಠವನ್ನು ಅಡಿಟಿಪ್ಪಣಿಗೆ ಇಳಿಸಿ ಎರಡನ್ನೂ ಉಳಿಸಬಹುದು. ನ್ಯಾಯಾಲಯಕ್ಕೆ ಅಡಿಟಿಪ್ಪಣಿಯ ಸೌಕರ್ಯವಿಲ್ಲ. ಎರಡು ಶಾಸ್ತ್ರಗಳ ಹೋಲಿಕೆ ನಿಲ್ಲುವುದು ಇಲ್ಲಿ. ಅದು ಸಂಶಯದ ಲಾಭವನ್ನು ಆರೋಪಿಗೆ ಕೊಡಬೇಕು. ಗ್ರಂಥಸಂಪಾದನೆಯಲ್ಲಿ ಯಾವ ಪಾಠಕ್ಕೂ ಅಂಥ ರಿಯಾಯಿತಿಯಿಲ್ಲ.

4. ಲೇಖ್ಯ, ಭುಕ್ತಿ, ಸಾಕ್ಷಿ, ದಿವ್ಯ

ಪ್ರಮಾಣಗಳ ಈ ತಾರತಮ್ಯವಿಚಾರ ಈ ನೆಲಕ್ಕೆ ಹೊಸದಲ್ಲ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ರಚಿಸಿದ 'ಮಿತಾಕ್ಷರ' ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯಕ್ಕೆ ಬರೆದ ವ್ಯಾಖ್ಯಾನದಿಂದಲೇ ಹೆಚ್ಚು ಪ್ರಸಿದ್ಧವಾಗಿದೆ. ಆ ಸ್ಮೃತಿ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಮಾನುಷ ಪ್ರಮಾಣಗಳನ್ನು ಹೇಳಿ, ಇವು ಯಾವುವೂ ಇಲ್ಲದಿದ್ದಾಗ ಮಾತ್ರ ದಿವ್ಯಕ್ಕೆ ಎಡೆಕೊಡುತ್ತದೆ. ಸಂಶಯಾಸ್ಪದ ಲೇಖ್ಯವನ್ನು ಅದೇ ವ್ಯಕ್ತಿಯ ಕೈಬರಹದ ಇತರ ಲೇಖ್ಯಗಳೊಡನೆ ಹೋಲಿಸಿ, ಯುಕ್ತಿ, ಚಿಹ್ನೆ, ಸಂಬಂಧ ಮೊದಲಾದವುಗಳಿಂದ ಪರಿಶೋಧಿಸಬೇಕೆಂದೂ ಅದರಲ್ಲಿದೆ. ಕೈಬರಹದ ಹೋಲಿಕೆಯನ್ನು ಆಧುನಿಕ ಪ್ರಯೋಗಾಲಯದ ಸೃಷ್ಟಿಯೆಂದು ತಿಳಿಯುವವರು ಈ ಭಾಗವನ್ನು ನೋಡಬೇಕು. ಕೂಟಶಾಸನ ಮಾಡಿದವನಿಗೆ ಮನುಸ್ಮೃತಿ ವಧೆಯನ್ನೇ ವಿಧಿಸಿರುವುದರಿಂದ ಖೊಟ್ಟಿ ದಾಖಲೆಗಳ ಹಾವಳಿಯೂ ಪ್ರಾಚೀನವೆಂದೇ ಹೇಳಬೇಕು.

ದಿವ್ಯದ ಉದಾಹರಣೆಗೆ ಧಾರವಾಡದಿಂದ ದೂರ ಹೋಗಬೇಕಾಗಿಲ್ಲ. ಗೋವೆಯ ಕದಂಬರ ಮೂರನೆಯ ಜಯಕೇಶಿಯ ಆಳ್ವಿಕೆಗೆ ಸೇರಿದ, 12ನೆಯ ಶತಮಾನದ ಕೊನೆಯ ಕಿತ್ತೂರಿನ ಶಾಸನ ಇಬ್ಬರು ಶೈವಾಚಾರ್ಯರ ನಡುವೆ ಹೊಲವೊಂದರ ಒಡೆತನಕ್ಕಾಗಿ ನಡೆದ ವ್ಯಾಜ್ಯವನ್ನು ಹೇಳುತ್ತದೆ. ಅದು ಫಲದಿವ್ಯಕ್ಕೆ ಹೋಯಿತು. ಕಾಸಿದ ನೇಗಿಲ ಕುಳವನ್ನು ಹಿಡಿದು ಪ್ರಮಾಣ ಮಾಡುವುದು, ಅಂಗೈಯ ಸ್ಥಿತಿಯಿಂದ ಸತ್ಯವನ್ನು ತಿಳಿಯುವುದು ಫಲದಿವ್ಯದ ಕ್ರಮ. ವ್ಯಾಜ್ಯದ ವಸ್ತುವಿಗೂ ಆ ಅಂಗೈಗೂ ಯಾವ ಸಂಬಂಧವೂ ಇಲ್ಲ. ಹೊಲದ ಬಗ್ಗೆ ಕೇಳಿದ ಪ್ರಶ್ನೆಗೆ ಮನುಷ್ಯನ ಮೈ ಉತ್ತರ ಕೊಡಬೇಕಾಗುತ್ತದೆ.

ಮೈಯಿಂದ ಸತ್ಯ ಹೊರಡಿಸುವ ಈ ಆಸೆ ಅಳಿದಿಲ್ಲವೆಂಬುದಕ್ಕೆ ಮಂಪರು ಪರೀಕ್ಷೆಯೇ ನಿದರ್ಶನ. 2000ದ ದಶಕದಲ್ಲಿ ಬೆಂಗಳೂರಿನ ಪ್ರಯೋಗಾಲಯ ಈ ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಔಷಧಿ ಚುಚ್ಚಿ ಅರೆಪ್ರಜ್ಞೆಯಲ್ಲಿ ಆಡಿಸಿದ ಮಾತುಗಳನ್ನು ದೂರದರ್ಶನ ವಾಹಿನಿಗಳಲ್ಲಿ ಜನ ಬೆರಗಿನಿಂದ ಕೇಳಿದರು. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ಪರೀಕ್ಷೆಗಳನ್ನು ನಡೆಸುವುದು ಸಂವಿಧಾನದ 20(3)ನೆಯ ವಿಧಿಗೆ ವಿರುದ್ಧವೆಂದು ತೀರ್ಪಿತ್ತಿತು. ಇವನ್ನು ವಿಜ್ಞಾನವೆನ್ನುವುದಕ್ಕಿಂತ ದಿವ್ಯದ ಸಾಲಿನಲ್ಲಿಡುವುದೇ ಸರಿ. ಸೂಕ್ಷ್ಮದರ್ಶಕದಡಿಯ ಕಾಡತೂಸು ವಸ್ತುವೇ ಹೊತ್ತಿರುವ ಗುರುತನ್ನು ತೋರುತ್ತದೆ. ಅದು ಲಿಖಿತದ ಜಾತಿಗೆ ಸೇರಿದ್ದು.

5. ವರದಿಯ ಭಾಷೆ

ಕಲಬುರ್ಗಿಯವರ ಪ್ರಕರಣದಲ್ಲಿ ಕೊಲೆಯಾದ ಮೂರು ವರ್ಷಗಳವರೆಗೆ ಹೇಳಿಕೊಳ್ಳುವಂಥ ಪ್ರಗತಿಯಿರಲಿಲ್ಲ. ಅವರ ಪತ್ನಿ ಸರ್ವೋಚ್ಚ ನ್ಯಾಯಾಲಯದ ಮೊರೆಹೋದರು. 2019ರ ಫೆಬ್ರವರಿ 26ರಂದು ಆ ನ್ಯಾಯಾಲಯ ತನಿಖೆಯನ್ನು ಗೌರಿ ಲಂಕೇಶ್ ಪ್ರಕರಣದ ವಿಶೇಷ ತನಿಖಾ ತಂಡಕ್ಕೇ ಒಪ್ಪಿಸಿ, ಉಸ್ತುವಾರಿಯನ್ನು ಉಚ್ಚ ನ್ಯಾಯಾಲಯದ ಧಾರವಾಡ ಪೀಠಕ್ಕೆ ವಹಿಸಿತು. ಎರಡೂ ಪ್ರಕರಣಗಳನ್ನು ಒಂದೆಡೆ ಕಟ್ಟಿದ ದಾರಗಳಲ್ಲಿ ಕಾಡತೂಸುಗಳ ಸಾಮ್ಯವೂ ಒಂದಾಗಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ದೋಷಾರೋಪ ಪಟ್ಟಿ ಸಲ್ಲಿಕೆಯಾಗಿ ಪ್ರಕರಣ ಧಾರವಾಡದ ನ್ಯಾಯಾಲಯದ ಮುಂದೆ ಬಂತು.

ಇದರ ನಂತರ ಕಾನೂನೂ ಬದಲಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೆಯ ಕಲಮು, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡಿ ಸಾಕ್ಷ್ಯ ಸಂಗ್ರಹಿಸುವುದನ್ನೂ ಅದರ ಚಿತ್ರೀಕರಣವನ್ನೂ ಕಡ್ಡಾಯಗೊಳಿಸುತ್ತದೆ. ರಾಜ್ಯಗಳಿಗೆ ಸಿದ್ಧತೆಗಾಗಿ ಐದು ವರ್ಷಗಳ ಅವಕಾಶವಿದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 39ನೆಯ ಕಲಮು, 1872ರ ಕಾನೂನಿನ 45ನೆಯ ಕಲಮಿನ ಸ್ಥಾನಕ್ಕೆ ಬಂದು, ವಿಜ್ಞಾನ, ಕಲೆಗಳ ಜೊತೆಗೆ 'ಇತರ ಯಾವುದೇ ಕ್ಷೇತ್ರ'ದ ತಜ್ಞರ ಅಭಿಪ್ರಾಯಕ್ಕೂ ಬಾಗಿಲು ತೆರೆದಿದೆ. ಇಷ್ಟೊಂದು ಸ್ಥಳಗಳಿಗೆ ಹೋಗಲು ಜನ ಬೇಕು. ಹುಬ್ಬಳ್ಳಿಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಬಂದಿದೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣಕ್ಕೆ 2023ರ ಜನವರಿ 28ರಂದು ಅಡಿಗಲ್ಲು ಹಾಕಲಾಯಿತು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯಂತೂ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ವಿಭಾಗ, ಕನ್ನಡ ಅಧ್ಯಯನ ಪೀಠ ಎರಡೂ ಬಹುಕಾಲದಿಂದ ಒಂದೇ ವಿಶ್ವವಿದ್ಯಾಲಯದ ಆಶ್ರಯದಲ್ಲಿವೆ.

ಕನ್ನಡ ವಿಭಾಗಗಳಿಗೆ ಇದರಲ್ಲಿ ಒಂದು ನಿರ್ದಿಷ್ಟ ಕೆಲಸವಿದೆ. ಜಿಲ್ಲಾ ನ್ಯಾಯಾಲಯಗಳಲ್ಲಿ ಸಾಕ್ಷಿ ನುಡಿಯುವವನು ಕನ್ನಡದಲ್ಲಿ ನುಡಿಯುತ್ತಾನೆ, ಪಂಚನಾಮೆ ಕನ್ನಡದಲ್ಲಿರುತ್ತದೆ, ಪ್ರಯೋಗಾಲಯದ ವರದಿ ಮಾತ್ರ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಬರುತ್ತದೆ. ಗುಂಡುಗಳ ಹೋಲಿಕೆಯಲ್ಲಿ ಪರೀಕ್ಷಕ ಹೇಳಬಹುದಾದ ಮಾತುಗಳು ಸ್ಥೂಲವಾಗಿ ಮೂರು. ಒಂದೇ ಆಯುಧದವು, ಬೇರೆ ಆಯುಧದವು, ನಿರ್ಣಯಿಸಲಾಗದು. ಇವಲ್ಲದೆ 'ಇದಕ್ಕೆ ವಿರುದ್ಧವಾಗಿಲ್ಲ' ಎಂಬ ನಾಲ್ಕನೆಯ, ಬಹಳ ದುರ್ಬಲವಾದ ಮಾತೂ ವರದಿಗಳಲ್ಲಿ ಬರುತ್ತದೆ. ಕನ್ನಡಕ್ಕೆ ಬರುವಾಗ ಮೊದಲನೆಯದೂ ನಾಲ್ಕನೆಯದೂ 'ಹೋಲಿಕೆಯಾಗಿದೆ', 'ದೃಢಪಟ್ಟಿದೆ' ಎಂಬ ಒಂದೇ ಮಾತಿನಲ್ಲಿ ಸೇರಿಹೋಗುತ್ತವೆ. 'ನಿರ್ಣಯಿಸಲಾಗದು' ಎಂಬುದು ಪತ್ರಿಕೆಗಳಲ್ಲಿ 'ಸಾಕ್ಷ್ಯವಿಲ್ಲ' ಎಂದಾಗುತ್ತದೆ. 'ಹೋಲು', 'ಹೊಂದು', 'ಕೂಡು', 'ಒಂದೇ ಆಗು' ಇವುಗಳ ನಡುವಿನ ಅಂತರವನ್ನು ಕನ್ನಡದ ಗ್ರಂಥಸಂಪಾದಕರು ಪಾಠಾಂತರಗಳನ್ನು ಗುರುತಿಸುವಾಗ ಬಹಳ ಎಚ್ಚರದಿಂದ ಪಾಲಿಸಿದ್ದಾರೆ. ಸಂದಿಗ್ಧ, ಊಹಿತ, ತ್ರುಟಿತ, ಪ್ರಕ್ಷಿಪ್ತ ಎಂದು ಪ್ರತಿಯೊಂದಕ್ಕೂ ಬೇರೆ ಪದ, ಬೇರೆ ಕಂಸ, ಬೇರೆ ಚಿಹ್ನೆ ಇವೆ. ಆ ಪರಿಭಾಷೆ ಸಿದ್ಧವಾಗಿಯೇ ಇದೆ. ಪ್ರಯೋಗಾಲಯದ ಮಾತುಗಳನ್ನು ಅದರೊಡನೆ ಒಂದೊಂದಾಗಿ ಇಟ್ಟು ನೋಡಿ, ಸರಿಹೊಂದುವವನ್ನು ಆರಿಸಿ, ಹೊಂದದಲ್ಲಿ ಹೊಸದನ್ನು ಟಂಕಿಸಿ ಒಂದು ಪದಕೋಶವನ್ನು ರೂಪಿಸಲು ಎರಡು ವಿಭಾಗಗಳ ನಾಲ್ಕಾರು ಅಧ್ಯಾಪಕರು ಒಂದು ಮೇಜಿನ ಸುತ್ತ ಕೆಲವು ತಿಂಗಳು ಕುಳಿತರೆ ಸಾಕು. 'ದೃಢಪಟ್ಟಿದೆ' ಎಂಬ ಪದವನ್ನೇ ಮೊದಲು ಕೈಗೆತ್ತಿಕೊಳ್ಳಬಹುದು.